ಎಣ್ಣೆತಲೆಗಳ ಪುಷ್ಪಾವತಿ

ಮೂಡುಬಿದಿರೆಯಲ್ಲಿ ಈಗಷ್ಟೇ ಬೆಳಕು ಹರಿಯುತ್ತಿದೆ. ಆಸ್ಪತ್ರೆಯ ಹಿಂದಿನ ಬಚ್ಚಲಲ್ಲಿ ಹಂಡೆಯ ನೀರು ಕಾದಿದೆ, ಅಂಟುವಾಳದ ನೊರೆ ಪುಷ್ಪಾವತಿಯವರ ಮೊಣಕೈವರೆಗೆ ಏರಿದೆ. ಎದುರಿಗೆ ತಲೆ ಬಗ್ಗಿಸಿ ಕೂತವಳು ವಾಮದಪದವಿನ ಬೀಡಿ ಕಟ್ಟುವ ಸೈನಬ.

"ಪುನಃ ಎಣ್ಣೆ ಹಾಕಿಕೊಂಡು ಬಂದೆಯಲ್ಲ ಮಾರಾಯ್ತಿ! ಹೋದ ತಿಂಗಳು ನಾನು ಹೇಳಿದ್ದು ಗೋಡೆಗಾ?"

ಬಾಯಿ ಗದರುತ್ತದೆ, ಕೈ ಮಾತ್ರ ಮೆತ್ತಗೆ ಆಡುತ್ತದೆ. ತಪ್ಪು ಸೈನಬಳದ್ದಲ್ಲ. ಅವಳು ಮನೆಯಲ್ಲೇ ಚೆನ್ನಾಗಿ ತಲೆಗೆ ಮಿಂದಿದ್ದಳು. "ಅಷ್ಟು ದೂರ ಒಣತಲೆಯಲ್ಲಿ ಹೋಗುವುದಾ? ಉಷ್ಣ ಆಗ್ತದೆ" ಎಂದು ಹೊರಡುವ ಹೊತ್ತಿಗೆ ಅತ್ತೆಯೇ ಬೊಗಸೆ ತುಂಬ ತೆಂಗಿನೆಣ್ಣೆ ತಟ್ಟಿದ್ದಾರೆ. ನಮ್ಮ ಕಡೆ ತಲೆಗೆ ಏನೇ ಬರಲಿ, ಮೊದಲ ಮದ್ದು ಎಣ್ಣೆ.

ಯಂತ್ರಕ್ಕೆ ಅದೇ ಶತ್ರು. ಇ.ಇ.ಜಿ. ಎಂಬ ಈ ಯಂತ್ರ ತಲೆಗೆ ಅಂಟಿಸಿದ ತಂತಿಗಳಿಂದ ಮೆದುಳಿನ ಅಲೆಗಳನ್ನು ಹಿಡಿದು ಕಾಗದದ ಮೇಲೆ ಗೆರೆ ಎಳೆಯುತ್ತದೆ. ಎಣ್ಣೆ ಇದ್ದರೆ ತಂತಿ ನಿಲ್ಲದು, ಗೆರೆಯೆಲ್ಲ ಕಲಸುಮೇಲೋಗರ. ತಿಂಗಳಿಗೊಂದು ಭಾನುವಾರ ಡಾಕ್ಟರ್ ಶಿವಸುಬ್ರಹ್ಮಣ್ಯ ಇದನ್ನು ಮಂಗಳೂರಿನಿಂದ ಜೀಪಿನಲ್ಲಿ ತರುತ್ತಾರೆ. ಬಂಟ್ವಾಳದಿಂದ, ದೂರದ ನೆರಿಯದಿಂದ ಫಿಟ್ಸ್ ಬರುವವರನ್ನು ಮನೆಯವರು ಮೊದಲ ಬಸ್ಸಿಗೆ ಕರೆತರುತ್ತಾರೆ. ಹತ್ತು ಗಂಟೆಗೆ ಕರೆಂಟು ಹೋಗುವುದು ಖಚಿತ. ಅಷ್ಟರೊಳಗೆ ಹತ್ತು ಹನ್ನೆರಡು ತಲೆ ತೊಳೆದು ಒಣಗಿಸಬೇಕು, ತಪ್ಪಿದವರಿಗೆ ಇನ್ನೊಂದು ತಿಂಗಳು ಕಾಯುವುದೇ ಗತಿ.

ಸೈನಬಳಿಗೆ ಕಾಯುವ ಶಕ್ತಿಯಿಲ್ಲ. ಹೆರಿಗೆಯ ನಂತರ ಎರಡು ಸಲ ಬಿದ್ದಿದ್ದಾಳೆ. ಬಾಯಿಯ ನೊರೆ ತಾಗಿದರೆ ಮಗುವಿಗೂ ರೋಗ ಅಂಟುತ್ತದೆ ಎಂಬ ಹೆದರಿಕೆಯಿಂದ ಅತ್ತೆ ಅವಳಿಗೆ ಕೂಸನ್ನು ಎತ್ತಿಕೊಳ್ಳಲು ಕೊಡುತ್ತಿಲ್ಲ. ಈಗಲೂ ಅದು ಬಾಗಿಲಾಚೆ ಅಜ್ಜಿಯ ಸೊಂಟದಲ್ಲಿದೆ. ಅತ್ತಾಗಲೆಲ್ಲ ಸೈನಬಳ ಕುತ್ತಿಗೆ ಅತ್ತ ತಿರುಗುತ್ತದೆ, ಪುಷ್ಪಾವತಿ ಮೆಲ್ಲನೆ ಇತ್ತ ತಿರುಗಿಸುತ್ತಾರೆ.

ಪುಷ್ಪಾವತಿ ಬೆಳ್ತಂಗಡಿ ಪಕ್ಕದ ಲಾಯಿಲದ ಜೈನ ಮನೆಯವರು. ಬಾಣಂತಿಯರನ್ನು ಮೀಯಿಸಲು ಆಸ್ಪತ್ರೆಗೆ ಸೇರಿದವರು, ಯಂತ್ರ ಬರತೊಡಗಿದ ಮೇಲೆ ಈ ಕೆಲಸವನ್ನು ಕೇಳಿ ಪಡೆದರು. ಏಕೆಂದು ಇಲ್ಲಿ ಚೀಟಿ ಬರೆಯುವ ನಾನು ಎಷ್ಟು ಸಲ ಕೇಳಿದರೂ, "ಅದು ಮತ್ತೆ ಹೇಳ್ತೇನೆ, ನೀರು ಆರ್ತದೆ" ಎನ್ನುತ್ತಾರೆ.

ಕರೆಂಟು ಹೋಗುವ ಮುನ್ನ ಸೈನಬಳ ಸರದಿ ಮುಗಿಯುತ್ತದೆ. ಈ ಸಲ ಗೆರೆಗಳು ನಿಚ್ಚಳ. ಚೂಪಾಗಿ ಎದ್ದ ಕಡೆಗಳನ್ನು ತೋರಿಸಿ ಡಾಕ್ಟರ್ ಹೇಳುತ್ತಾರೆ: "ಇದು ಮೆದುಳಿನ ಕಾಯಿಲೆ. ಮಾತ್ರೆ ಉಂಟು. ಯಾರಿಗೂ ಅಂಟುವುದಿಲ್ಲ. ಗುಣ ಕಾಣುವವರೆಗೆ ನೆಲದಲ್ಲಿ ಕೂತೇ ಮಗುವನ್ನು ಎತ್ತಿಕೊಳ್ಳಲಿ, ಹತ್ತಿರ ಒಬ್ಬರು ಇದ್ದರೆ ಸಾಕು."

ಅತ್ತೆ ತಲೆಯಾಡಿಸುತ್ತಾರೆ, ಕೂಸನ್ನು ಮಾತ್ರ ಬಿಡುವುದಿಲ್ಲ. ಹೊರಗೆ ಬಂದು ಪುಷ್ಪಾವತಿಯನ್ನು ಕೇಳುತ್ತಾರೆ: "ಹೌದಾ ಅಕ್ಕ, ಅಂಟುವುದಿಲ್ಲವಾ?"

ಪುಷ್ಪಾವತಿ ಟವೆಲು ಹಿಂಡುತ್ತಲೇ ಹೇಳುತ್ತಾರೆ: "ನನಗೂ ಇದೇ ಕಾಯಿಲೆ. ಈಗಲೂ ಮಾತ್ರೆ ತಿನ್ತೇನೆ. ಮೂರು ಮಕ್ಕಳನ್ನು ನಾನೇ ಎತ್ತಿ ಸಾಕಿದ್ದು. ಒಬ್ಬರಿಗೂ ಏನೂ ಆಗಲಿಲ್ಲ."

ಇಷ್ಟು ದಿನ ಅವರು ನನಗೂ ಹೇಳದೆ ಉಳಿಸಿದ ಮಾತು ಇದು.

ಅತ್ತೆ ಚೀಲದಿಂದ ಎಣ್ಣೆಯ ಕುಪ್ಪಿ ತೆಗೆದು ಅಳುಕುತ್ತಾ ಕೇಳುತ್ತಾರೆ: "ಇನ್ನು ಇವಳ ತಲೆಗೆ ಹಾಕಬಹುದಾ?"

"ಧಾರಾಳ ಹಾಕಿ. ಸೈನಬಾ, ನೀನು ಇಲ್ಲಿ ಚಾಪೆಯಲ್ಲಿ ಕೂತುಕೋ" ಎನ್ನುತ್ತಾರೆ ಪುಷ್ಪಾವತಿ. "ಮಗುವನ್ನು ಅವಳ ಕೈಗೆ ಕೊಡಿ ಅಮ್ಮ. ಎಣ್ಣೆ ತಿಕ್ಕಲಿಕ್ಕೆ ನಿಮಗೆ ಎರಡೂ ಕೈ ಬೇಕಲ್ಲ."