ತಪ್ಪುಗಳಿಗೊಂದು ಗೋಡೆ

ಕಪ್ಪು ಬಣ್ಣದ ಡಬ್ಬಿಗೆ ಮುನ್ನೂರ ಎಂಬತ್ತು ರೂಪಾಯಿ, ಬ್ರಷ್ಷಿಗೆ ಅರವತ್ತು. ಬಣ್ಣದ ಸೀಮೆಸುಣ್ಣ ತಿಂಗಳಿಗೆ ಎರಡು ಪೆಟ್ಟಿಗೆ. ಶಿವಮೊಗ್ಗದಿಂದ ಭದ್ರಾವತಿಗೆ ಸರ್ಕಾರಿ ಬಸ್ಸಿನಲ್ಲಿ ಹೆಂಗಸರು ಟಿಕೆಟ್ಟಿಗೆ ದುಡ್ಡು ಕೊಡಬೇಕಾಗಿಲ್ಲ, ಹಾಗೆಯೇ ಸೀಟೂ ಸಿಗುವುದಿಲ್ಲ. ಶಮ್ಸುನ್ನೀಸಾ ಟೀಚರ್ ಪಾಠಕ್ಕೆಂದು ಕೈಯಿಂದ ಹಾಕುವ ಖರ್ಚು ಇಷ್ಟೇ. ಇದಕ್ಕಿಂತ ದುಬಾರಿಯಾದದ್ದು ಒಂದಿದೆ: ಮಗು ತಪ್ಪು ಉತ್ತರ ಹೇಳುತ್ತಿರುವಾಗ ಬಾಯಿ ಮುಚ್ಚಿಕೊಂಡಿರುವುದು. ಅದನ್ನು ಕಲಿಯಲು ಅವರಿಗೆ ಹತ್ತು ವರ್ಷ ಹಿಡಿಯಿತು.

ಇವತ್ತು ಶನಿವಾರ, ಬೆಳಗಿನ ಶಾಲೆ. ಆರೂವರೆಯ ಬಸ್ಸು ಹಿಡಿಯಬೇಕು. ಇನ್ನೂ ಮಬ್ಬುಗತ್ತಲು. ಸ್ಕೂಟರ್ ರಿಪೇರಿಯ ಅಂಗಡಿ ಇಟ್ಟಿರುವ ಗಂಡ ಮೆಹಬೂಬ್ ಸಾಬ್ ಬಸ್ ನಿಲ್ದಾಣದ ಮುಂದೆ ಹೆಂಡತಿಯನ್ನು ಇಳಿಸಿ ಮುಖ ನೋಡುತ್ತಾರೆ.

"ಏನು ಮಾರಾಯ್ತಿ, ಇವತ್ತು ಮುಖ ಪಂಚರ್ ಆದಂಗಿದೆ?"

"ಒಂದು ಹುಡುಗಿಯ ಅಪ್ಪ ಟಿ.ಸಿ. ತಗೊಂಡು ಹೋಗೋಕೆ ಬರ್ತಾರೆ."

"ನಿನ್ನಿಂದಾನಾ?"

"ನನ್ನಿಂದಾನೇ."

"ಹಂಗಿದ್ರೆ ಹಂಗೇ ಹೇಳು. ಗಿರಾಕಿ ಗಾಡಿ ನಾವೇ ಕೆಡಿಸಿ, ಕಂಪನಿಯವರು ಸರಿ ಮಾಡಿಲ್ಲ ಅನ್ನೋಕಾಗುತ್ತಾ?"

ಇಷ್ಟು ಹೇಳಿ ಮೆಹಬೂಬ್ ಸಾಬ್ ಕಿಕ್ ಹೊಡೆದು ಹೊರಟುಬಿಡುತ್ತಾರೆ. ಮಲವಗೊಪ್ಪ, ನಿದಿಗೆ ದಾಟುವವರೆಗೂ ಟೀಚರ್ ಕಂಬಿ ಹಿಡಿದು ನಿಂತೇ ಇರುತ್ತಾರೆ, ಆ ಮಾತನ್ನೇ ಮೆಲುಕು ಹಾಕುತ್ತ.

ಶಮ್ಸುನ್ನೀಸಾ ಹೊಳೆಹೊನ್ನೂರಿನ ಬಳೆ ವ್ಯಾಪಾರಿಯ ಮಗಳು. ಈಗ ವಯಸ್ಸು ನಲವತ್ತೊಂಬತ್ತು. ಮೊದಲ ಕೆಲಸ ಆಯನೂರಿನ ಆಚೆಯ ಒಂದು ಹಳ್ಳಿ ಶಾಲೆಯಲ್ಲಿ. ಒಂದೇ ಕೋಣೆ, ನಾಲ್ಕು ತರಗತಿ. ಭದ್ರಾವತಿಯ ಈ ಸರ್ಕಾರಿ ಶಾಲೆಗೆ ಬಂದು ಹನ್ನೊಂದು ವರ್ಷವಾಯಿತು. ಇಲ್ಲಿ ಐದನೇ ತರಗತಿಗೆ ಕನ್ನಡ, ಗಣಿತ ಎರಡೂ ಅವರದೇ. ಇಪ್ಪತ್ತೇಳು ಮಕ್ಕಳು. ಕೆಲವರ ಮನೆಯಲ್ಲಿ ಕನ್ನಡ, ಕೆಲವರಲ್ಲಿ ತಮಿಳು, ತೆಲುಗು, ಇನ್ನು ಕೆಲವರಲ್ಲಿ ಟೀಚರ್ ಮನೆಯ ಹಾಗೆಯೇ ದಖ್ಖನಿ ಉರ್ದು. ಇವರ ತಾತಂದಿರು ಕಾರ್ಖಾನೆ ಕೆಲಸಕ್ಕೆಂದು ಎಲ್ಲೆಲ್ಲಿಂದಲೋ ಬಂದವರು. ಮೊಮ್ಮಕ್ಕಳ ಜಗಳ ಮಾತ್ರ ಅಪ್ಪಟ ಭದ್ರಾವತಿ ಕನ್ನಡದಲ್ಲೇ ನಡೆಯುತ್ತದೆ.

ಈ ತರಗತಿಯಲ್ಲಿ "ಅರ್ಥ ಆಯ್ತಾ?" ಎಂಬ ಪ್ರಶ್ನೆ ಕೇಳಿಬರುವುದಿಲ್ಲ. "ಕೇಳಿದ್ರೆ ಇಪ್ಪತ್ತೇಳು ಜನಾನೂ ಆಯ್ತು ಟೀಚರ್ ಅಂತಾರೆ. ಊಟದ ಬೆಲ್ ಹತ್ತಿರ ಬಂದಿದ್ರೆ ಇನ್ನೂ ಜೋರಾಗಿ ಅಂತಾರೆ," ಎನ್ನುತ್ತಾರೆ ಶಮ್ಸುನ್ನೀಸಾ. ಅದರ ಬದಲು ಒಂದು ಪ್ರಶ್ನೆ ಹಾಕಿ, ಕಿಟಕಿಯ ಕಡೆ ತಿರುಗಿ ಸುಮ್ಮನೆ ನಿಲ್ಲುತ್ತಾರೆ. ಚುರುಕು ಮಕ್ಕಳ ಕೈ ತಕ್ಷಣ ಮೇಲೇಳುತ್ತದೆ. ಟೀಚರ್ ಅದನ್ನು ನೋಡಿದರೂ ನೋಡದವರಂತೆ ಇರುತ್ತಾರೆ. ಸ್ವಲ್ಪ ಹೊತ್ತು ಕಳೆದರೆ ಹಿಂದಿನ ಸಾಲಿನಿಂದ ಒಂದು ಕೈ ಹೆದರುತ್ತ ಮೇಲೆ ಬರುತ್ತದೆ. ಅವರು ಕಾಯುತ್ತಿದ್ದದ್ದು ಅದಕ್ಕೇ. ಇದನ್ನು ಕಲಿತದ್ದು ಯಾವ ತರಬೇತಿಯಲ್ಲೂ ಅಲ್ಲ, ಗಂಡನ ಅಂಗಡಿಯಲ್ಲಿ. ಹೊಸ ಕೆಲಸಗಾರ ಬಂದರೆ ಮೆಹಬೂಬ್ ಸಾಬ್ ಸ್ಪ್ಯಾನರ್ ಎತ್ತಿಕೊಡುವುದಿಲ್ಲ. ಯಾವ ಅಳತೆಯದು ಬೇಕು ಎಂದು ಅವನೇ ಹುಡುಕಬೇಕು. ಎರಡು ಸಲ ತಪ್ಪಿದರೆ ಮೂರನೆಯ ಸಲ ಕೈಗೇ ಗೊತ್ತಾಗಿರುತ್ತದೆ.

ಇನ್ನು ಗೋಡೆಯ ವಿಷಯ. ತರಗತಿಯ ಹಿಂದಿನ ಗೋಡೆಗೆ ಮಕ್ಕಳ ಎದೆಮಟ್ಟದವರೆಗೆ ಪ್ರತಿ ಜೂನ್ ತಿಂಗಳಲ್ಲಿ ಟೀಚರೇ ಕಪ್ಪು ಬಣ್ಣ ಬಳಿಯುತ್ತಾರೆ. ಅಲ್ಲಿ ಸರಿ ಉತ್ತರಕ್ಕೆ ಜಾಗವಿಲ್ಲ. ದಿನಕ್ಕೊಂದು ತಪ್ಪು ಲೆಕ್ಕ, ಅದೂ ಹೆಸರಿಲ್ಲದೆ. ಬರೆದ ಮಗು ಯಾವ ದಾರಿಯಲ್ಲಿ ಹೋಯಿತು, ಎಲ್ಲಿ ಅಡ್ಡದಾರಿ ಹಿಡಿಯಿತು ಎಂದು ಉಳಿದವರು ಪತ್ತೆ ಹಚ್ಚಬೇಕು. "ಸರಿ ಉತ್ತರ ಪಕ್ಕದವರ ಪುಸ್ತಕದಿಂದಾನೂ ಬರುತ್ತೆ. ತಪ್ಪು ಮಾತ್ರ ಅವರವರ ಸ್ವಂತದ್ದು. ಅದನ್ನ ನೋಡಿದ್ರೇನೇ ಮಗು ಏನು ಯೋಚನೆ ಮಾಡ್ತಿದೆ ಅಂತ ನಮಗೆ ಗೊತ್ತಾಗೋದು," ಎನ್ನುತ್ತಾರೆ.

ಆ ಗೋಡೆಯೇ ಈ ವಾರ ಅವರ ಕಾಲಿಗೆ ತೊಡರಿಕೊಂಡಿದೆ.

ಸೋಮವಾರ ಮನೆಗೆಲಸ ಕೊಟ್ಟಿದ್ದರು: ಮನೆಯಲ್ಲಿ ದುಡಿಯುವವರು ಎಷ್ಟು ಗಂಟೆ ದುಡಿಯುತ್ತಾರೆ, ಲೆಕ್ಕ ಹಾಕಿಕೊಂಡು ಬನ್ನಿ. ಭೂಮಿಕಾ ಎಂಬ ಹುಡುಗಿ ಬರೆದುಕೊಂಡು ಬಂದಳು: ಅಪ್ಪ ರಾತ್ರಿ ಹತ್ತಕ್ಕೆ ಕಾವಲಿಗೆ ಹೋಗಿ ಬೆಳಗ್ಗೆ ಆರಕ್ಕೆ ಬಿಡುತ್ತಾರೆ, ಹತ್ತರಲ್ಲಿ ಆರು ಕಳೆದರೆ ನಾಲ್ಕು. ಪಾಳಿ ಕೆಲಸದ ಊರಿನಲ್ಲಿ ಮಕ್ಕಳು ಮಾಡಿಯೇ ಮಾಡುವ ತಪ್ಪು ಇದು. ಟೀಚರಿಗೆ ಖುಷಿಯಾಯಿತು. ಇಂಥ ಒಳ್ಳೆಯ ತಪ್ಪು ದಿನಾ ಸಿಗುವುದಿಲ್ಲ. ಮಂಗಳವಾರ ಅದನ್ನು ಗೋಡೆಗೆ ಏರಿಸಿದರು. ಹೆಸರು ಬರೆಯಲಿಲ್ಲ. ಆದರೆ ಈ ತರಗತಿಯಲ್ಲಿ ರಾತ್ರಿ ಕಾವಲಿಗೆ ಹೋಗುವ ಅಪ್ಪ ಇರುವುದು ಒಬ್ಬಳಿಗೆ ಮಾತ್ರ ಎಂಬುದು ಅವರಿಗೆ ಹೊಳೆಯಲಿಲ್ಲ. ಮಕ್ಕಳಿಗೆ ಹೊಳೆಯಿತು. ಸಂಜೆಯೊಳಗೆ ಭೂಮಿಕಾಳ ಹೆಸರು "ನಾಲ್ಕು ಗಂಟೆ" ಎಂದಾಗಿತ್ತು.

ಬುಧವಾರ ಪೋಷಕರ ಸಭೆ. ಭೂಮಿಕಾಳ ಅಪ್ಪ ಪುಟ್ಟಯ್ಯ ಗೋದಾಮಿನ ಕಾವಲು ಮುಗಿಸಿ, ನಿದ್ದೆಗೆಟ್ಟ ಕಣ್ಣಲ್ಲೇ ಬಂದಿದ್ದರು. ಗೋಡೆ ನೋಡಿದರು. ಪಕ್ಕದಲ್ಲಿ ಯಾರೋ ಕಿಸಕ್ಕೆಂದರು.

"ನಾನು ನಾಲ್ಕೇ ಗಂಟೆ ದುಡಿಯೋದಾ ಟೀಚರಮ್ಮ? ಮಿಕ್ಕ ಹೊತ್ತು ಗೋದಾಮಿನಲ್ಲಿ ಗೊರಕೆ ಹೊಡೀತೀನಾ? ಮಗಳ ಕೈಲಿ ಅಪ್ಪನ ಮಾನ ಗೋಡೆ ಮೇಲೆ ಬರೆಸ್ತೀರಲ್ಲ, ಇದಕ್ಕೆ ನಿಮಗೆ ಸಂಬಳ ಬೇರೆ ಕೊಡ್ತಾರಾ?"

ಟೀಚರ್ ಬಾಯಿ ತೆರೆಯುವಷ್ಟರಲ್ಲಿ ಪುಟ್ಟಯ್ಯ ಮುಖ್ಯ ಶಿಕ್ಷಕರಾದ ವಿಷ್ಣುಪ್ರಸಾದರ ಕೋಣೆಯಲ್ಲಿದ್ದರು. ಶನಿವಾರ ಬರುತ್ತೇನೆ, ಟಿ.ಸಿ. ಬರೆದಿಡಿ ಎಂದು ಹೇಳಿ ಹೋದರು. ವಿಷ್ಣುಪ್ರಸಾದ್ ಕೆಟ್ಟ ಮನುಷ್ಯರಲ್ಲ, ಆದರೆ ಹೆದರಿದ ಮನುಷ್ಯ. ಮಕ್ಕಳ ಸಂಖ್ಯೆ ಇಳಿದಷ್ಟೂ ಶಾಲೆ ಬಡವಾಗುತ್ತದೆ, ಒಂದು ಮಗು ಹೋದರೆ ಅದೇ ಬೀದಿಯ ಇನ್ನೆರಡು ಹಿಂದೆಯೇ ಹೋಗುತ್ತವೆ. "ಮೇಡಂ, ಆ ಹುಡುಗಿ ಹೋದ್ರೆ ಸೋಮವಾರವೇ ಗೋಡೆಗೆ ಸುಣ್ಣ ಹೊಡೆಸಿಬಿಡೋಣ. ಒಳ್ಳೇ ಉದ್ದೇಶವೇ ಇರಬಹುದು. ಆದ್ರೆ ನೋಡೋರಿಗೆ ಕಾಣೋದು ತಪ್ಪು ಮಾತ್ರ," ಎಂದರು. ಶಮ್ಸುನ್ನೀಸಾ ವಾದ ಮಾಡಲಿಲ್ಲ. ಮಂಗಳವಾರದಿಂದ ಭೂಮಿಕಾ ಒಂದಕ್ಕೂ ಕೈ ಎತ್ತಿರಲಿಲ್ಲ.

ಶನಿವಾರ ಶಾಲೆ ಶುರುವಾಗುವ ಮೊದಲೇ ಪುಟ್ಟಯ್ಯನವರ ಮೊಪೆಡ್ ಗೇಟಿನ ಮುಂದೆ ನಿಲ್ಲುತ್ತದೆ. ಟೀಚರ್ ಎದುರು ಹೋಗುತ್ತಾರೆ.

"ಟಿ.ಸಿ. ರೆಡಿ ಇದೆ ಪುಟ್ಟಯ್ಯನವರೇ. ತಗೊಳ್ಳೋ ಮುಂಚೆ ಒಂದು ಹತ್ತು ನಿಮಿಷ ಕ್ಲಾಸಿಗೆ ಬನ್ನಿ."

"ಇನ್ನೇನು ಬರೆಸ್ತೀರಾ?"

"ಬರೆಸಲ್ಲ. ನಾನು ಒಂದು ಮಾತು ಹೇಳ್ಬೇಕು. ಅದನ್ನ ಮಕ್ಕಳ ಮುಂದೇನೇ ಹೇಳ್ಬೇಕು."

ತರಗತಿಯಲ್ಲಿ ಅವರು ಪೀಠಿಕೆ ಹಾಕುವುದಿಲ್ಲ. "ಈ ವಾರ ಗೋಡೆ ಮೇಲಿರೋ ತಪ್ಪು ಲೆಕ್ಕ ಹಾಕಿದವರದ್ದಲ್ಲ, ನಂದು. ಒಬ್ಬರ ಮನೆ ವಿಷಯಾನ ಕೇಳದೇ ಎಲ್ಲರ ಮುಂದೆ ಇಟ್ಟೆ. ಭೂಮಿಕಾ, ನನ್ನದು ತಪ್ಪಾಯ್ತು. ನಿಮ್ಮ ಹತ್ತಿರಾನೂ ಅದೇ ಹೇಳ್ತೀನಿ, ಪುಟ್ಟಯ್ಯನವರೇ." ಮಕ್ಕಳು ಬಿಟ್ಟ ಬಾಯಿ ಬಿಟ್ಟ ಹಾಗೆ ಕೂತಿರುತ್ತಾರೆ. ಪುಟ್ಟಯ್ಯನಿಗೆ ಜಗಳಕ್ಕೆ ತಂದ ಮಾತನ್ನೆಲ್ಲ ಎಲ್ಲಿ ಇಡುವುದೆಂದು ತಿಳಿಯುವುದಿಲ್ಲ.

"ಈ ಮಕ್ಕಳಿಗೆ ರಾತ್ರಿ ಅಂದ್ರೆ ಮಲಗೋದು, ಏಳೋದು ಅಷ್ಟೇ," ಎಂದು ಟೀಚರ್ ಮುಂದುವರಿಸುತ್ತಾರೆ. "ನಡುವೆ ಏನಿರುತ್ತೆ ಅಂತ ನೀವು ಹೇಳ್ತೀರಾ?"

ನೆಲದ ಮೇಲೆ ಬಾಗಿಲಿನಿಂದ ಗೋಡೆಯವರೆಗೆ ಸೀಮೆಸುಣ್ಣದ ಉದ್ದ ಗೆರೆ ಬೀಳುತ್ತದೆ. ಬಾಗಿಲ ಬಳಿ ರಾತ್ರಿ ಹತ್ತು, ಗೋಡೆಯ ಬಳಿ ಬೆಳಗ್ಗೆ ಆರು. ಪುಟ್ಟಯ್ಯ ಚಪ್ಪಲಿ ಬಿಟ್ಟು ಗೆರೆಯ ಮೇಲೆ ನಿಲ್ಲುತ್ತಾರೆ. ಒಂದೊಂದು ಗಂಟೆಗೆ ಒಂದೊಂದು ಹೆಜ್ಜೆ. ಹತ್ತಕ್ಕೆ ಬೀಗ ಎಳೆದು ನೋಡುವುದು. ಹನ್ನೊಂದಕ್ಕೆ ಫ್ಲಾಸ್ಕಿನ ಚಹಾ. ಹನ್ನೆರಡಕ್ಕೆ ಸುತ್ತು.

"ದೆವ್ವ ನೋಡಿದ್ದೀರಾ ಅಂಕಲ್?" ಒಬ್ಬನ ಪ್ರಶ್ನೆ.

"ದೆವ್ವ ಯಾಕೆ ಬೇಕಪ್ಪ, ನಮ್ಮ ಮಾಲೀಕರೇ ಸಾಕು. ಯಾವ ಹೊತ್ತಿಗೆ ಬರ್ತಾರೋ ಹೇಳೋಕಾಗಲ್ಲ."

ತರಗತಿ ನಗುತ್ತದೆ, ಪುಟ್ಟಯ್ಯನೂ ನಗುತ್ತಾರೆ. ಹನ್ನೆರಡರ ಮೇಲೆ ನಿಂತವರು ಮುಂದಿನ ಹೆಜ್ಜೆ ಇಡುವಾಗ ಟೀಚರ್ ಕೇಳುತ್ತಾರೆ, "ಈಗ ಎಷ್ಟು ಗಂಟೆ?" ಮೂರು ಜನ "ಹದಿಮೂರು" ಎನ್ನುತ್ತಾರೆ. ಟೀಚರ್ ಕಿಟಕಿಯ ಕಡೆ ತಿರುಗುತ್ತಾರೆ. ಪುಟ್ಟಯ್ಯ ಉತ್ತರ ಹೇಳಹೊರಟು, ಟೀಚರ್ ಬೆನ್ನು ನೋಡಿ, ತಾವೂ ಸುಮ್ಮನಾಗುತ್ತಾರೆ.

"ಒಂದು," ಎನ್ನುತ್ತದೆ ಹಿಂದಿನ ಸಾಲಿನ ಒಂದು ದನಿ. ಭೂಮಿಕಾ ಎದ್ದು ಬರುತ್ತಾಳೆ. ಬಾಗಿಲಿನಿಂದ ಹನ್ನೆರಡರವರೆಗೆ ನಡೆಯುತ್ತಾಳೆ. "ಇಲ್ಲೀವರೆಗೆ ಎರಡು. ಇಲ್ಲಿಂದ ಮತ್ತೆ ಮೊದಲಿಂದ ಎಣಿಸ್ಬೇಕು. ಆರು. ಎರಡೂ ಸೇರಿ ಎಂಟು." ಆಮೇಲೆ ಅಪ್ಪನ ಮುಖ ನೋಡಿ, "ಎಂಟಲ್ವಾ ಅಪ್ಪ?"

"ಎಂಟೇ ಮಗಳೇ. ಬದಲಿಗೆ ಬರೋನು ಯಾವತ್ತೂ ತಡ, ಹಂಗಾಗಿ ಒಂಬತ್ತು ಅಂದ್ರೂ ತಪ್ಪಿಲ್ಲ."

ಇಷ್ಟಾದ ಮೇಲೆ ಪುಟ್ಟಯ್ಯ ಹೊರಟು ಹೋಗುವುದಿಲ್ಲ. ಮುಂದಿನ ಪಾಠ ನೋಡುತ್ತೇನೆಂದು ಹಿಂದಿನ ಬೆಂಚಿನ ತುದಿಯಲ್ಲಿ ಕೂರುತ್ತಾರೆ. ಕೂತ ಐದು ನಿಮಿಷಕ್ಕೆ ತಲೆ ಗೋಡೆಗೆ ಒರಗುತ್ತದೆ, ಬಾಯಿ ತೆರೆದುಕೊಳ್ಳುತ್ತದೆ. ಗೊರಕೆ ಶುರುವಾದಾಗ ಮಕ್ಕಳು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಾರೆ. ಟೀಚರ್ ತುಟಿಯ ಮೇಲೆ ಬೆರಳಿಡುತ್ತಾರೆ. ಆವತ್ತಿನ ಉಳಿದ ಲೆಕ್ಕವೆಲ್ಲ ಪಿಸುಮಾತಿನಲ್ಲೇ ನಡೆಯುತ್ತದೆ. ಬಾಗಿಲಲ್ಲಿ ಇಣುಕಿದ ಬಿಸಿಯೂಟದ ಅಡುಗೆಯ ಶಕುಂತಲಮ್ಮ, "ಇದ್ಯಾರು ಮಾರಾಯ್ತಿ ಹೊಸ ಅಡ್ಮಿಷನ್ನು? ಬಂದ ದಿನಾನೇ ನಿದ್ದೆ," ಎಂದು ಹೇಳಿ ಹೋಗಿ ಒಂದು ಲೋಟ ಬಿಸಿ ಹಾಲು ತಂದಿಡುತ್ತಾರೆ.

ಶಾಲೆ ಬಿಟ್ಟಾಗ ವಿಷ್ಣುಪ್ರಸಾದ್ ಕಾಗದ ಹಿಡಿದು ವರಾಂಡದಲ್ಲಿ ನಿಂತಿದ್ದಾರೆ. ಪುಟ್ಟಯ್ಯ ಕಣ್ಣುಜ್ಜಿಕೊಳ್ಳುತ್ತ, "ಅದು ನಿಮ್ಮ ಹತ್ರಾನೇ ಇರ್ಲಿ ಸಾರ್. ನಮ್ಮ ಮನೇಲಿ ಇಡೋಕೆ ಜಾಗ ಇಲ್ಲ," ಎಂದು ಮಗಳನ್ನು ಮೊಪೆಡ್ ಹತ್ತಿಸಿಕೊಂಡು ಹೊರಡುತ್ತಾರೆ. ಮುಖ್ಯ ಶಿಕ್ಷಕರು ಕಾಗದವನ್ನು ನಾಲ್ಕಾಗಿ ಮಡಚಿ ಜೇಬಿಗಿಟ್ಟುಕೊಳ್ಳುತ್ತಾರೆ. ಸುಣ್ಣದ ಮಾತು ಅವರೂ ಎತ್ತುವುದಿಲ್ಲ, ಟೀಚರೂ ಎತ್ತುವುದಿಲ್ಲ. ವಾಪಸು ಬಸ್ಸಿನಲ್ಲಿ ಶಮ್ಸುನ್ನೀಸಾರಿಗೆ ಸೀಟು ಸಿಗುತ್ತದೆ. ನಿದಿಗೆ ಬರುವಷ್ಟರಲ್ಲಿ ಅವರಿಗೂ ಕಣ್ಣು ಹತ್ತಿರುತ್ತದೆ. ಮೂರು ರಾತ್ರಿಯ ನಿದ್ದೆಯ ಬಾಕಿ.

ಈಗ ಗೋಡೆಗೆ ಒಂದು ಹೊಸ ಕಟ್ಟಳೆ ಬಂದಿದೆ. ಯಾರ ಲೆಕ್ಕವಾದರೂ ಮೊದಲು ಆ ಮಗುವಿನ ಪಕ್ಕ ಕೂತು, "ಇದನ್ನ ಹಾಕ್ಲಾ?" ಎಂದು ಟೀಚರ್ ಕೇಳುತ್ತಾರೆ. ಬೇಡ ಎಂದರೆ ಬೇಡ. ಮನೆಯ ವಿಷಯ ಗೋಡೆಗೆ ಹೋಗುವುದೇ ಇಲ್ಲ. ಇದರಿಂದ ಒಳ್ಳೊಳ್ಳೆಯ ತಪ್ಪುಗಳು ಕೈತಪ್ಪುತ್ತವೆ ಎಂಬ ಸಣ್ಣ ಬೇಸರ ಅವರಿಗಿದೆ. "ಹೋದ್ರೆ ಹೋಗ್ಲಿ. ತಪ್ಪಿಗೇನು ಬರಗಾಲವಾ," ಎಂದು ನಗುತ್ತಾರೆ.

ಎಲ್ಲವೂ ಸರಿಹೋಯಿತೆಂದೇನಲ್ಲ. ಅದೇ ತಿಂಗಳು ದುಷ್ಯಂತ್ ಎಂಬ ಹುಡುಗ ಇಂಗ್ಲಿಷ್ ಮಾಧ್ಯಮದ ಶಾಲೆಗೆ ಹೋದ. ಗೋಡೆಗೂ ಅದಕ್ಕೂ ಸಂಬಂಧವಿರಲಿಲ್ಲ. ಅವನ ಅಪ್ಪ ಅಮ್ಮ ಮೊದಲೇ ನಿರ್ಧಾರ ಮಾಡಿದ್ದರು. ಟೀಚರ್ ಅವರನ್ನು ತಡೆಯಲಿಲ್ಲ. ಹುಡುಗನನ್ನು ಪಕ್ಕಕ್ಕೆ ಕರೆದು, ಅಲ್ಲಿ ಗೊತ್ತಾಗದಿದ್ದರೆ ಕೇಳಲು ನಾಚಬೇಡ ಎಂದಷ್ಟೇ ಹೇಳಿ ಕಳಿಸಿದರು.

ನಿಮಗೇನು ಆಸೆ ಎಂದು ಕೇಳಿದರೆ ಶಮ್ಸುನ್ನೀಸಾ ಸೀರೆಯ ಸೆರಗಿಗೆ ಅಂಟಿದ ಸೀಮೆಸುಣ್ಣದ ಪುಡಿ ಕೊಡವುತ್ತ ಯೋಚಿಸುತ್ತಾರೆ. ನಿವೃತ್ತಿಯವರೆಗೆ ಇದೇ ತರಗತಿ ಸಿಕ್ಕರೆ ಸಾಕು, ಅಷ್ಟೇ. ಆಮೇಲೆ ತಾವಾಗಿಯೇ ಹೇಳುತ್ತಾರೆ: "ಈ ವರ್ಷ ಒಂದು ಮಗು ಹೋಯ್ತು, ಒಂದು ಉಳೀತು. ಭೂಮಿಕಾ ಮುಂಚೆ ಲೆಕ್ಕ ಬರದೇ ಇದ್ರೆ ತಲೆ ತಗ್ಗಿಸಿ ಕೂರ್ತಿದ್ಲು. ನಿನ್ನೆ ಎದ್ದು ನಿಂತು, ನನಗೆ ಗೊತ್ತಾಗ್ಲಿಲ್ಲ, ಇನ್ನೊಂದು ಸಲ ಹೇಳಿ ಅಂದ್ಲು. ನಾನು ಇನ್ನೊಂದು ಸಲ ಹೇಳ್ದೆ."