ತಾಮ್ರದ ಪೈಪಿಗೆ ತುರುಕಿದ ರೊಟ್ಟಿ

ಕಳೆದ ವರ್ಷದ ರಮಜಾನ್ ತಿಂಗಳು. ಎಂ.ಎಸ್ಸಿ ಮುಗಿಸಿ ಬಸವಕಲ್ಯಾಣದ ಶಾಲೆಯೊಂದರಲ್ಲಿ ಕೆಲಸಕ್ಕೆ ಸೇರಿದ್ದೆ. ಹುಮನಾಬಾದಿನಿಂದ ದಿನವೂ ಓಡಾಡಲಾಗದೆ ಮಹಡಿ ಮೇಲಿನ ಕೋಣೆಯೊಂದನ್ನು ಬಾಡಿಗೆಗೆ ಹಿಡಿದಿದ್ದೆ. ಕೆಳಗೆ ಮನೆಯ ಮಾಲಕಿ ಇದ್ದರು. ಎಲ್ಲರಿಗೂ ಅವರು ಖಾಲಾ, ಅಂದರೆ ಚಿಕ್ಕಮ್ಮ.

ಅವರ ಕೋಣೆಯ ಗೋಡೆಯಲ್ಲಿ ತಟ್ಟೆಯಷ್ಟಿದ್ದ ಒದ್ದೆ ಕಲೆ ಹರಡುತ್ತ ಹೋಗಿ ಸುಣ್ಣ ಉದುರತೊಡಗಿತು. ಒಂದು ಸಂಜೆ ಖಾಲಾ ಮೆಟ್ಟಿಲ ಬುಡದಲ್ಲೇ ನನ್ನನ್ನು ತಡೆದರು.

"ನಳಾ ಚಾಲೂ ಬಿಟ್ಟು ಸಾಲಿಗಿ ಹೋಗ್ತಿ ಏನ್ ಬೇಟಿ? ಈದ್ ಆದ ಮ್ಯಾಲ ಬ್ಯಾರೆ ಮನಿ ನೋಡ್ಕೋ."

"ಇಲ್ರಿ ಖಾಲಾ" ಎಂದಷ್ಟೇ ಹೇಳಿ ಮೇಲೆ ಹೋದೆ. ಒಬ್ಬಳೇ ಇರುವ ಹುಡುಗಿಗೆ ಕೋಣೆ ಸಿಗುವುದು ಸುಲಭವಲ್ಲ. ಇದು ಹೋದರೆ ಕೆಲಸವೂ ಹೋದಂತೆ.

ಭಾನುವಾರ ಧೈರ್ಯ ಮಾಡಿ ಕೆಳಗಿಳಿದು ಆ ಗೋಡೆ ಮುಟ್ಟಿ ನೋಡಿದೆ. ಬೆಚ್ಚಗಿತ್ತು. ಖಾಲಾ ಅವರ ಕೈ ಹಿಡಿದು ಅಲ್ಲೇ ಇಟ್ಟೆ.

"ನನ್ನ ಖೋಲಿಗೆ ಸೋಲಾರ್ ನೀರ ಬರಂಗಿಲ್ರಿ. ಇದು ನಿಮ್ಮ ಬಿಸಿನೀರಿನ ಪೈಪ್."

ಅವರು ಕೂಡಲೇ ಹುಮನಾಬಾದಿನಲ್ಲಿ ಬೆಸುಗೆ ಕೆಲಸ ಮಾಡುವ ತಮ್ಮನಿಗೆ ಫೋನ್ ಹಚ್ಚಿದರು.

ಖಾಲಾ ಅವರ ಆ ತಮ್ಮ, ನಮಗೆಲ್ಲ ಮಾಮು, ಬಂದು ಗೋಡೆ ಒಡೆದರು. ತಾಮ್ರದ ಪೈಪಿನ ಬೆಸುಗೆಯಲ್ಲಿ ಒಂದೊಂದೇ ಹನಿ ಮೂಡುತ್ತಿತ್ತು. ಆ ತುಂಡನ್ನು ಕತ್ತರಿಸಿದರು. ವಾಲ್ವ್ ಮುಚ್ಚಿದ್ದರೂ ನೀರು ಜಿನುಗುತ್ತಲೇ ಇತ್ತು. ಒದ್ದೆ ಪೈಪಿಗೆ ಬೆಸುಗೆ ಹಿಡಿಯುವುದಿಲ್ಲ.

"ಜರಾ ಬ್ರೆಡ್ ಕೊಡ್ರಿ. ಒಳಗ ತುರುಕಿದರ ನೀರ ತಡೀತದ, ಆಮ್ಯಾಲ ತಾನೇ ಕರಗಿ ಹೋಗ್ತದ."

ಮನೆಯಲ್ಲಿ ಬ್ರೆಡ್ ಇರಲಿಲ್ಲ. ನಾನು ಮೇಲೆ ಓಡಿ ಅವ್ವ ಕಟ್ಟಿಕೊಟ್ಟಿದ್ದ ಜೋಳದ ರೊಟ್ಟಿ ತಂದೆ. ಮಾಮು ಅದನ್ನೇ ನೆನೆಸಿ ತುರುಕಿದರು. ಬೆಸುಗೆ ಚೆನ್ನಾಗಿ ಹಿಡಿಯಿತು. ಆದರೆ ವಾಲ್ವ್ ತೆರೆದರೆ ನಳದಲ್ಲಿ ನೀರೇ ಇಲ್ಲ! ಬೆಸುಗೆಯ ಬೆಂಕಿಗೆ ರೊಟ್ಟಿ ಒಳಗೇ ಇನ್ನೊಮ್ಮೆ ಸುಟ್ಟು ಗಟ್ಟಿಯಾಗಿತ್ತು.

"ನಿಮ್ಮವ್ವ ರೊಟ್ಟಿ ಬಡದಾರೋ, ಸಿಮೆಂಟ್ ಕಲಸ್ಯಾರೋ?" ಎಂದು ಮಾಮು ನಳಕ್ಕೆ ಸೈಕಲ್ ಪಂಪ್ ಹಚ್ಚಿ ಗಾಳಿ ಹೊಡೆದರು. ಪಂಪ್ ತೆಗೆದದ್ದೇ ತಡ, ಬಗ್ಗಿ ನೋಡುತ್ತಿದ್ದ ಖಾಲಾ ಅವರ ಮುಖಕ್ಕೆ ರೊಟ್ಟಿಯ ಅಂಬಲಿ ಚಿಮ್ಮಿತು.

ಇನ್ನು ನನ್ನ ಕಥೆ ಮುಗಿಯಿತು ಅಂದುಕೊಂಡೆ. ಉಪವಾಸವಿದ್ದ ಖಾಲಾ ಮುಖ ಒರೆಸಿಕೊಂಡರು. "ಹಾಯ್ ಅಲ್ಲಾ, ಬಾಯಿ ಮುಚ್ಚಿದ್ದಕ್ಕ ನನ್ನ ರೋಜಾ ಉಳೀತು!" ಎನ್ನುತ್ತ ನೆಲದ ಮೇಲೆ ಕುಳಿತು ನಗತೊಡಗಿದರು.

ಸಂಜೆ ಇಫ್ತಾರಿಗೆ ನನ್ನನ್ನೂ ಕರೆದರು. ಖರ್ಜೂರ ಕೊಡುತ್ತ ಕೇಳಿದರು, "ಬ್ಯಾರೆ ಮನಿ ನೋಡಿದಿ ಏನ?"

"ನೋಡಾಕತ್ತೇನ್ರಿ."

"ಬಿಡು ಅದನ್ನ. ನಾಳಿಗಿ ಸುಣ್ಣ ಹಚ್ಚಾಕ ಬಾ."

ಮರುದಿನ ಇಬ್ಬರೂ ಸೇರಿ ಗೋಡೆಗೆ ಸುಣ್ಣ ಬಳಿದೆವು. ಅವರು ತಪ್ಪಾಯಿತು ಎನ್ನಲಿಲ್ಲ, ನನಗೆ ಅದು ಬೇಕೆನಿಸಲೂ ಇಲ್ಲ. ತಪ್ಪು ಮಾಡದವರು ಸುಮ್ಮನಿದ್ದರೆ ಸಾಕು ಎಂದು ಅಲ್ಲಿಯವರೆಗೆ ನಂಬಿದ್ದೆ. ಈಗ ಹಾಗೆ ಅನಿಸುವುದಿಲ್ಲ.