ಹಳೆಯ ಹಡಗಿನ ಗಂಟೆ

ಅಥವಾ ಆ ಗಂಟೆ ತೂಗುತ್ತಿದ್ದುದು ಹಡಗಿನ ಹಿಂಭಾಗದಲ್ಲೋ? ಇಳಿದು ಬಂದು ಇನ್ನೂ ಕಾಫಿ ಕುಡಿದಿಲ್ಲ, ಆಗಲೇ ನೆನಪು ತನಗೆ ಬೇಕಾದಂತೆ ತಿದ್ದಿಕೊಳ್ಳುತ್ತಿದೆ. ಚೆನ್ನೈ ಬಂದರಿನಲ್ಲಿ ಇವತ್ತು ಯುದ್ಧನೌಕೆ ನೋಡಲು ಜನರನ್ನು ಬಿಟ್ಟಿದ್ದರು. ಕೀಲ್ಪಾಕಿನಲ್ಲಿ ಹೋಟೆಲು ನಡೆಸುವ ಉಡುಪಿ ಕಡೆಯ ಶೀನಣ್ಣ ನನ್ನನ್ನು ಎಳೆದುಕೊಂಡು ಹೋದರು. ಈ ನೌಕೆಯದೇ ಹೆಸರಿದ್ದ ಹಳೆಯ ಡೆಸ್ಟ್ರಾಯರ್ ಯುದ್ಧನೌಕೆಯಲ್ಲಿ ಅವರು ನಾವಿಕರಾಗಿದ್ದವರು. ಅದನ್ನು ಎಂದೋ ಒಡೆದು ಗುಜರಿಗೆ ಹಾಕಿದರಂತೆ. ಹೆಸರು ಮಾತ್ರ ಹೊಸದಕ್ಕೆ ಬಂದಿದೆ.

ಎದುರು ನಿಂತರೆ ಆಕಾಶ ಕಾಣಲಿಲ್ಲ, ಬರೀ ಬೂದು ಉಕ್ಕು. ಒಳಗೊಂದು ಹಲಗೆಯ ಮೇಲೆ ಎರಡೂ ಹಡಗುಗಳ ಕಪ್ತಾನರ ಹೆಸರು, ಕಂಡ ಯುದ್ಧಗಳು. ಶೀನಣ್ಣ ಕೊನೆಯ ಸಾಲಿನವರೆಗೂ ಓದಿದರು.

"ಹಲಗೆಯಲ್ಲಿ ನಮ್ಮಂಥವರ ಹೆಸರು ಎಂತಕ್ಕೆ ಹಾಕ್ತಾರೆ ಮಾರಾಯ್ರೆ!"

ಪಕ್ಕದಲ್ಲಿದ್ದ ಅಧಿಕಾರಿ ಮೈಸೂರಿನ ಹುಡುಗಿ. "ಹಳೇ ಹಡಗಿನ ಗಂಟೆ ಇಲ್ಲೇ ಇದೆ, ಬನ್ನಿ ಸಾರ್," ಎಂದು ಕರೆದೊಯ್ದಳು.

ಹಿತ್ತಾಳೆ ಕಣ್ಣು ಕುಕ್ಕುತ್ತಿತ್ತು. "ರಜೆ ಮುಗಿಸಿ ತಡವಾಗಿ ಬಂದದ್ದಕ್ಕೆ ಒಂದು ತಿಂಗಳು ಇದನ್ನೇ ಉಜ್ಜಿದ್ದೇನೆ ತಂಗಿ. ಸಿಟ್ಟು ಬಂದು ಒಳಗಡೆ ನನ್ನ ಹೆಸರು ಗೀಚಿಬಿಟ್ಟಿದ್ದೆ."

"ಈಗಲೂ ಒಳಗೂ ಹೊರಗೂ ದಿನಾ ಉಜ್ಜಿಸ್ತೀವಿ ಸಾರ್," ಎಂದು ಅವಳು ನಕ್ಕಳು.

ಶೀನಣ್ಣ ನಗಲಿಲ್ಲ. ಗಂಟೆಯೊಳಗೆ ಕೈಯಿಟ್ಟು ಅಂಚಿನುದ್ದಕ್ಕೂ ನಿಧಾನವಾಗಿ ಬೆರಳಾಡಿಸಿದರು. ಒಂದು ಕಡೆ ಬೆರಳು ನಿಂತಿತು.

"ಉಂಟು," ಎಂದರು.

ಅವರು ಸರಿದ ಮೇಲೆ ನಾನೂ ಅಲ್ಲೇ ಬೆರಳಿಟ್ಟು ನೋಡಿದೆ. ನುಣ್ಣಗಿತ್ತು. ನಾನು ತಡಕಿದ್ದು ಅದೇ ಜಾಗವೋ ಅಲ್ಲವೋ, ಅವರ ಬೆರಳಿಗೆ ಏನು ಸಿಕ್ಕಿತೋ, ನನಗೆ ಗೊತ್ತಿಲ್ಲ.